ಕೈಯಲ್ಲಿರುವ ದುಡ್ಡು ಕಡಿಮೆ, ಮದುವೆ ಚೆನ್ನಾಗಿ ಆಗಬೇಕು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮ್ಮ ಮದುವೆಗೆ ಇನ್ನು ಎಂಟು ತಿಂಗಳಿದೆ. ಇಬ್ಬರೂ ಕೂಡಿಟ್ಟ ದುಡ್ಡಲ್ಲೇ ಮಾಡಿಕೊಳ್ಳಬೇಕು ಅಂತ ತೀರ್ಮಾನಿಸಿದ್ದೇವೆ. ಆದರೆ ಒಂದೊಂದು ಬೆಲೆ ವಿಚಾರಿಸಿದಾಗಲೂ ಎದೆ ಧಸಕ್ ಅನ್ನುತ್ತದೆ. ಬಂದವರಿಗೆ ‘ಇದೇನು ಇಷ್ಟು ಸಪ್ಪೆ’ ಅನ್ನಿಸಬಾರದು. ಎಲ್ಲಿ ಕಡಿಮೆ ಮಾಡಬೇಕು, ಎಲ್ಲಿ ಮಾಡಬಾರದು?

ಉತ್ತರ: ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಕಡಿತ ಶುರು ಮಾಡುವುದು ಅಲಂಕಾರದಿಂದ. ಹೂವಲ್ಲಿ ಸ್ವಲ್ಪ, ಬಟ್ಟೆಯಲ್ಲಿ ಸ್ವಲ್ಪ, ಫೋಟೋದಲ್ಲಿ ಸ್ವಲ್ಪ ಅಂತ ಚೂರು ಚೂರೇ ಕೊರೆಯುತ್ತಾ ಹೋಗುತ್ತಾರೆ. ಕೊನೆಗೆ ಎಲ್ಲವೂ ಅರ್ಧಂಬರ್ಧ ಆಗುತ್ತದೆ, ದುಡ್ಡೂ ಅಷ್ಟೇನೂ ಉಳಿಯುವುದಿಲ್ಲ. ನೀವು ಹಾಗೆ ಮಾಡಬೇಡಿ. ಒಂದು ನೋಟ್‌ಬುಕ್ ತಗೊಂಡು ಹಾಳೆಯ ನಡುವೆ ಗೆರೆ ಎಳೆಯಿರಿ. ಒಬ್ಬರು ಜಾಸ್ತಿ ಬಂದರೆ ಏರುವ ಖರ್ಚೆಲ್ಲ ಎಡಗಡೆ ಬರೆಯಿರಿ. ಎಷ್ಟು ಜನ ಬಂದರೂ ಅಷ್ಟೇ ಇರುವ ಖರ್ಚು ಬಲಗಡೆ.

ಬರೆದು ನೋಡಿದರೆ ನಿಮಗೇ ಗೊತ್ತಾಗುತ್ತದೆ, ಎಡಗಡೆ ತುಂಬಿ ತುಳುಕುತ್ತಿರುತ್ತದೆ. ಬಲಗಡೆ ಉಳಿಯುವುದು ನಿಮ್ಮಿಬ್ಬರ ಬಟ್ಟೆ, ಫೋಟೋ ತೆಗೆಯುವವರು, ಮದುವೆ ನಡೆಸಿಕೊಡುವವರು, ಧ್ವನಿವರ್ಧಕ. ಹೆಚ್ಚೆಂದರೆ ಇನ್ನೆರಡು.

ಒಂದು ಮೇಜಿನ ಲೆಕ್ಕ ಹಾಕೋಣ. 5 ಅಡಿ ಅಗಲದ ದುಂಡು ಮೇಜಿನ ಸುತ್ತ 8 ಜನ ಆರಾಮಾಗಿ ಕೂರಬಹುದು. 200 ಜನಕ್ಕೆ 25 ಮೇಜು ಬೇಕು. 120 ಜನಕ್ಕೆ 15 ಸಾಕು. ಹತ್ತು ಮೇಜು ಕಡಿಮೆಯಾದರೆ ಉಳಿಯುವುದು ಬರೀ ಹತ್ತು ಮೇಜಿನ ಬಾಡಿಗೆ ಅಲ್ಲ. ಹತ್ತು ಮೇಜುಬಟ್ಟೆ, ಹತ್ತು ಹೂದಾನಿ, 80 ಕುರ್ಚಿ, 80 ಊಟ, ತಟ್ಟೆ, ಲೋಟ, ಬಡಿಸುವ ಕೈ, ತೊಳೆಯುವ ಕೈ ಎಲ್ಲವೂ ಅದರ ಜೊತೆ ಹೋಗುತ್ತವೆ. ಮೇಜು ಹಾಕಿ ಊಟಕ್ಕೆ ಕೂರಿಸಬೇಕಾದರೆ ಒಬ್ಬರಿಗೆ ಸುಮಾರು 12ರಿಂದ 15 ಚದರ ಅಡಿ ಜಾಗ ಬೇಕು. ಅಂದರೆ 80 ಜನಕ್ಕೆ ಸಾವಿರ ಚದರ ಅಡಿಯಷ್ಟು. ಆ 80 ಜನ ಕಡಿಮೆಯಾದರೆ ಅಷ್ಟು ಜಾಗ ಕಡಿಮೆ ಇರುವ ಹಾಲ್ ಸಾಕಾಗುತ್ತದೆ. ಚಿಕ್ಕ ಹಾಲ್ ತುಂಬಿರುವಷ್ಟು ಲಕ್ಷಣ ದೊಡ್ಡ ಹಾಲ್ ಅರ್ಧ ಖಾಲಿ ಇದ್ದಾಗ ಬರುವುದೇ ಇಲ್ಲ, ಗಮನಿಸಿದ್ದೀರಲ್ವಾ?

ಹಾಗಂತ ಸುಮ್ನೆ ಜನರನ್ನು ಕಡಿಮೆ ಮಾಡಿ ಅಂತ ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು, ಆಂಡ್ರ್ಯೂ ಫ್ರಾನ್ಸಿಸ್ ಮತ್ತು ಹ್ಯೂಗೊ ಮಿಯಾಲೋನ್, 2014ರಲ್ಲಿ ಒಂದು ಅಧ್ಯಯನ ಹೊರತಂದರು. ಮದುವೆಯಾದ 3,000ಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ್ದು. ಉಂಗುರಕ್ಕೂ ಮದುವೆಗೂ ಜಾಸ್ತಿ ಸುರಿದವರ ದಾಂಪತ್ಯ ಬೇಗ ಮುರಿಯುವುದು ಹೆಚ್ಚು ಅಂತ ಅವರಿಗೆ ಕಂಡಿತು. ಆದರೆ ಮದುವೆಗೆ ಜನ ಜಾಸ್ತಿ ಬಂದಿದ್ದರೆ ಲೆಕ್ಕ ತಿರುಗುಮುರುಗು, ಅಂಥವರ ದಾಂಪತ್ಯ ಹೆಚ್ಚು ಕಾಲ ಉಳಿದಿತ್ತು. ಒಂದರಿಂದಲೇ ಇನ್ನೊಂದು ಆಯಿತು ಅಂತ ಇದರಿಂದ ಹೇಳಲು ಬರುವುದಿಲ್ಲ. ದೊಡ್ಡ ಬಳಗ ಇರುವವರಿಗೆ ಕಷ್ಟದಲ್ಲಿ ಆಸರೆಯೂ ಜಾಸ್ತಿ ಇರಬಹುದು. ಆದರೂ ನನಗೆ ಇದು ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಮದುವೆಯ ಅಂದ ಅಂದರೆ ಬಂದ ಜನರೇ, ಉಳಿದದ್ದೆಲ್ಲ ಆಮೇಲೆ ಅಂತ ನಾನು ನಂಬಿದ್ದೇನೆ.

ಹಾಗಾಗಿ ಖರ್ಚನ್ನು ಒಂದು ಗುಣಾಕಾರದ ಹಾಗೆ ನೋಡಿ. ಇಷ್ಟು ಜನ, ತಲೆಗೆ ಇಷ್ಟು. ಎರಡರಲ್ಲಿ ಒಂದು ಇಳಿದರೂ ಮೊತ್ತ ಇಳಿಯುತ್ತದೆ. 60 ಜನರನ್ನು ಕರೆದು ಕೂರಿಸಿ ಹೊಟ್ಟೆ ತುಂಬಾ ಊಟ ಹಾಕುವುದು ಒಂದು ದಾರಿ. ಎಲ್ಲರನ್ನೂ ಕರೆದು, ಊಟದ ಹೊತ್ತಲ್ಲದ ಹೊತ್ತಲ್ಲಿ ಮದುವೆ ಇಟ್ಟುಕೊಂಡು, ತಿಂಡಿ ಕೊಟ್ಟು ಎರಡೂವರೆ ಗಂಟೆಯಲ್ಲಿ ಮುಗಿಸುವುದು ಇನ್ನೊಂದು. ಎರಡೂ ಚೆಂದವೇ. ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಎರಡನ್ನೂ ಒಟ್ಟಿಗೆ ಬಯಸಿದಾಗ. ಎರಡನೇ ದಾರಿ ಹಿಡಿದರೆ ಮಾತ್ರ ಕರೆಯುವಾಗಲೇ ‘ತಿಂಡಿ ಇರುತ್ತದೆ’ ಅಂತ ಸ್ಪಷ್ಟವಾಗಿ ಬರೆಯಿರಿ. ಊಟ ಇರುತ್ತದೆ ಅಂದುಕೊಂಡು ಬಂದವರು ಹಸಿದು ವಾಪಸ್ ಹೋದರೆ ಅದನ್ನು ಎಷ್ಟು ಹೂವು ಕಟ್ಟಿದರೂ ಮುಚ್ಚಲಾಗದು. ದಿನದ ವಿಷಯವೂ ಹಾಗೆಯೇ. ಎಲ್ಲರೂ ಮುಗಿಬೀಳುವ ದಿನ ಬಿಟ್ಟು ವಾರದ ನಡುವಿನ ದಿನ ಕೇಳಿ ನೋಡಿ. ಖಾಲಿ ಬಿದ್ದಿರುವ ಹಾಲ್‌ನವರು ಚೌಕಾಸಿಗೆ ಬರುತ್ತಾರೆ.

ಇನ್ನು ಅಂದಕ್ಕೆ ಬರೋಣ. ನನ್ನನ್ನು ಕೇಳಿದರೆ ಮೊದಲ ಗಮನ ಹೂವಿಗಲ್ಲ, ಬೆಳಕಿಗೆ. ನನ್ನ ತಂಗಿಯ ಮದುವೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಬಾಡಿಗೆ ಕಡಿಮೆ ಅಂತ ಹಿಡಿದ ಹಾಲ್. ಹಿಂದಿನ ದಿನ ಸಂಜೆ ಹೋಗಿ ದೀಪ ಹಾಕಿ ನೋಡಿದರೆ ಸುತ್ತಲೂ ಬಿಳಿ ಟ್ಯೂಬ್‌ಲೈಟು. ತಂಗಿಯನ್ನು ಗೋಡೆಯ ಮುಂದೆ ನಿಲ್ಲಿಸಿ ಫೋನಲ್ಲಿ ಒಂದು ಫೋಟೋ ತೆಗೆದೆ. ಜ್ವರ ಬಂದು ಎದ್ದವಳ ಹಾಗೆ ಕಾಣುತ್ತಿದ್ದಳು. ಪರಿಚಯದವರ ಮನೆಗಳಿಂದ ಹಳದಿ ಬೆಳಕಿನ ಬಲ್ಬು, ಸರದೀಪ ಒಟ್ಟು ಮಾಡಿದೆವು. ಇಬ್ಬರೂ ನಿಲ್ಲುವ ಜಾಗದ ಎದುರಿಗೆ, ಮುಖದ ಎತ್ತರಕ್ಕಿಂತ ಸ್ವಲ್ಪ ಮೇಲೆ ಕಟ್ಟಿದೆವು. ಟ್ಯೂಬ್‌ಲೈಟ್ ಆರಿಸಿದೆವು. ಅದೇ ಗೋಡೆ, ಅದೇ ತಂಗಿ, ಎರಡನೇ ಫೋಟೋ. ಅಮ್ಮ ಆ ಫೋಟೋ ನೋಡಿ ಫೋನ್ ವಾಪಸ್ ಕೊಡಲಿಲ್ಲ.

ಇದರ ಹಿಂದೆ ಸರಳ ಕಾರಣವಿದೆ. ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಅಂತ ಒಂದು ಅಂಕಿ ಇರುತ್ತದೆ. 2700ರಿಂದ 3000 ಅಂದರೆ ದೀಪದ ಕುಡಿಯ ಹಾಗೆ ಬೆಚ್ಚಗಿನ ಹಳದಿ. 6500 ಅಂದರೆ ನೀಲಿ ಸೇರಿದ ಬಿಳಿ. ಹಳದಿ ಬೆಳಕಲ್ಲಿ ಮೈಬಣ್ಣ ಜೀವಂತವಾಗಿ ಕಾಣುತ್ತದೆ. ಎರಡನ್ನೂ ಬೆರೆಸಿದರೆ ಮಾತ್ರ ಕೆಡುತ್ತದೆ, ಕ್ಯಾಮೆರಾ ಒಂದನ್ನು ಸರಿಪಡಿಸಿದರೆ ಇನ್ನೊಂದು ವಿಕಾರವಾಗುತ್ತದೆ. ಬಯಲಲ್ಲಿ ಮದುವೆಯಾದರೆ ಇನ್ನೂ ಒಳ್ಳೆಯದು, ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ಪುಕ್ಕಟೆ ಸಿಗುತ್ತದೆ. ಆಗ ಬಿಸಿಲು ಓರೆಯಾಗಿ, ಗಾಳಿಯ ದಪ್ಪ ಪದರ ದಾಟಿ ಬರುತ್ತದೆ. ದಾರಿಯಲ್ಲಿ ನೀಲಿ ಚದುರಿಹೋಗಿ ಹೊನ್ನಿನ ಬಣ್ಣ ಉಳಿಯುತ್ತದೆ. ನಡುಮಧ್ಯಾಹ್ನ ಕಣ್ಣಿನ ಕೆಳಗೆ ಬೀಳುವ ಕಪ್ಪು ನೆರಳು ಆ ಹೊತ್ತಲ್ಲಿ ಇರುವುದಿಲ್ಲ. ನಿಮ್ಮ ದಿನದ ಸೂರ್ಯಾಸ್ತ ಎಷ್ಟು ಗಂಟೆಗೆ ಅಂತ ಈಗಲೇ ನೋಡಿ, ಇಬ್ಬರ ಫೋಟೋಗೆ ಆ ಸಮಯ ತೆಗೆದಿಡಿ.

ಹೂವನ್ನು ಇಡೀ ಹಾಲ್‌ಗೆ ಚಿಮುಕಿಸಬೇಡಿ. ನೀವಿಬ್ಬರೂ ನಿಲ್ಲುವ ಜಾಗ, ಮತ್ತೆ ಬಾಗಿಲು. ಜನರ ಕಣ್ಣು ಹೋಗುವುದು ಅಲ್ಲಿಗೇ. ಆ ಎರಡು ಕಡೆ ಒಂದೇ ಜಾತಿಯ ಹೂವು, ಆ ತಿಂಗಳಲ್ಲಿ ತಾನಾಗಿ ಅರಳುವಂಥದ್ದು, ಕಣ್ಣು ತುಂಬುವಷ್ಟು ಇಡಿ. ಐದು ಜಾತಿಯ ಹೂವು ಒಂದೊಂದು ಹಿಡಿ ಇಟ್ಟರೆ ಬಡತನ ಕಾಣುತ್ತದೆ. ಒಂದೇ ಜಾತಿ ರಾಶಿ ಇದ್ದರೆ ಸಿರಿತನ ಕಾಣುತ್ತದೆ. ನೀವೇ ತಂದು ಜೋಡಿಸುವುದಾದರೆ ಗುಲಾಬಿಯಂಥ ಕಡ್ಡಿ ಹೂವನ್ನು ಎರಡು ದಿನ ಮುಂಚೆ, ಇನ್ನೂ ಮೊಗ್ಗಾಗಿರುವಾಗ ತನ್ನಿ. ಕಡ್ಡಿಯ ತುದಿಯನ್ನು ಓರೆಯಾಗಿ ಒಂದಿಂಚು ಕತ್ತರಿಸಿ. ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತುಬಿಡಿ, ಅವು ಕೊಳೆತರೆ ನೀರು ಕೆಟ್ಟು ಹೂವು ಬೇಗ ಬಾಡುತ್ತದೆ. ಬಕೆಟ್ಟಲ್ಲಿ ನಿಲ್ಲಿಸಿ ತಂಪಾದ, ಬಿಸಿಲು ಬೀಳದ ಕೋಣೆಯಲ್ಲಿಡಿ. ಆ ಕೋಣೆಯಲ್ಲಿ ಹಣ್ಣಿನ ಬುಟ್ಟಿ ಇದ್ದರೆ ಹೊರಗೆ ಹಾಕಿ. ಮಾಗುವ ಹಣ್ಣು ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ, ಅದರಿಂದ ಹೂವು ಮುದುಡುತ್ತದೆ. ಇನ್ನೊಂದು ಮಾತು. ಈ ಕೆಲಸವನ್ನು ಮದುವೆಯಾಗುವವರೇ ಮೈಮೇಲೆ ಹಾಕಿಕೊಳ್ಳಬೇಡಿ. ಹಿಂದಿನ ರಾತ್ರಿ ನಿಮಗೆ ಬೇಕಾಗಿರುವುದು ನಿದ್ದೆ.

ಬಟ್ಟೆ ಹೊಸದೇ ಆಗಬೇಕು, ಆ ಒಂದೇ ದಿನಕ್ಕಾಗಿ ಹೊಲಿಸಿದ್ದೇ ಆಗಬೇಕು ಅನ್ನುವ ಹಟ ಎಲ್ಲ ಕಡೆಯೂ ಮೊದಲಿನಿಂದ ಇದ್ದದ್ದಲ್ಲ. ಬ್ರಿಟನ್ನಿನ ವಿಕ್ಟೋರಿಯಾ ರಾಣಿ 1840ರ ಫೆಬ್ರವರಿ 10ರಂದು ಬಿಳಿ ಉಡುಪಿನಲ್ಲಿ ಮದುವೆಯಾದ ಮೇಲೆ ಪಶ್ಚಿಮದಲ್ಲಿ ಬಿಳಿ ಉಡುಪಿನ ರೂಢಿ ಬೆಳೆಯಿತು. ಅದಕ್ಕೂ ಮುಂಚೆ ಅಲ್ಲಿನ ಸಾಮಾನ್ಯ ಹುಡುಗಿಯರು ತಮ್ಮಲ್ಲಿದ್ದ ಒಳ್ಳೆಯ ಬಟ್ಟೆಯಲ್ಲೇ, ಯಾವ ಬಣ್ಣದ್ದಾದರೂ ಸರಿ, ಮದುವೆಯಾಗುತ್ತಿದ್ದರು. ಬಾಡಿಗೆಗೆ ತನ್ನಿ, ಅಕ್ಕನದ್ದು ತಗೊಳ್ಳಿ, ತಪ್ಪೇನೂ ಇಲ್ಲ. ಮೈಗೆ ಸರಿಯಾಗಿ ಕೂರುವಂತೆ ಮಾಡಿಸಲು ಮಾತ್ರ ದರ್ಜಿಗೆ ದುಡ್ಡು ಕೊಡಿ. ಅಳತೆಗೆ ಸರಿಯಿರುವ ಸಾಧಾರಣ ಬಟ್ಟೆಯ ಮುಂದೆ ಸಡಿಲವಾಗಿ ಜೋತುಬಿದ್ದ ದುಬಾರಿ ಬಟ್ಟೆ ಮಂಕಾಗಿಬಿಡುತ್ತದೆ.

ಕಡಿಮೆ ಮಾಡಬಾರದ್ದು ಏನು ಅಂತ ಕೇಳಿದ್ದೀರಿ. ಫೋಟೋ ತೆಗೆಯುವವರ ಕೈಚಳಕದಲ್ಲಿ ರಾಜಿ ಬೇಡ. ಗಂಟೆ ಕಡಿಮೆ ಮಾಡಿ, ಆಲ್ಬಮ್ ಆಮೇಲೆ ಮಾಡಿಸಿ, ಆದರೆ ಒಳ್ಳೆಯ ಕೈಯನ್ನೇ ಹಿಡಿಯಿರಿ. ಗುಂಪು ಫೋಟೋಗಳ ಪಟ್ಟಿ ಮೊದಲೇ ಮಾಡಿ. ಒಂದು ಗುಂಪಿಗೆ ಮೂರು ನಿಮಿಷ ಹಿಡಿದರೆ ಹತ್ತು ಗುಂಪಿಗೆ ಅರ್ಧ ಗಂಟೆ. ಎರಡೂ ಮನೆಯ ಮುಖ ಪರಿಚಯ ಇರುವ, ಗಂಟಲು ಗಟ್ಟಿ ಇರುವ ಒಬ್ಬರಿಗೆ ಆ ಪಟ್ಟಿ ಕೊಟ್ಟುಬಿಡಿ. ಮತ್ತೆ, ಜನರನ್ನು ಕಾಯಿಸಬೇಡಿ. ‘ಸಪ್ಪೆ’ ಅನ್ನಿಸುವುದು ಹೂವು ಕಡಿಮೆ ಇದ್ದಾಗ ಅಲ್ಲ. ಏನು ನಡೆಯುತ್ತಿದೆ ಅಂತ ಗೊತ್ತಾಗದೆ ಒಂದೂವರೆ ಗಂಟೆ ಕುರ್ಚಿಯಲ್ಲಿ ಕೂತಾಗ.

ಒಟ್ಟು ದುಡ್ಡಿನಲ್ಲಿ ಹತ್ತರಲ್ಲಿ ಒಂದು ಪಾಲು ಮುಟ್ಟದೆ ಪಕ್ಕಕ್ಕಿಡಿ. ಅದು ಖಂಡಿತ ಬೇಕಾಗುತ್ತದೆ. ನಮ್ಮಲ್ಲಿ ಹಾಲ್ ಬಿಡುವುದು ನಲವತ್ತು ನಿಮಿಷ ತಡವಾಯಿತು ಅಂತ ಪೂರ್ತಿ ಎರಡು ಗಂಟೆಯ ಹೆಚ್ಚುವರಿ ಬಾಡಿಗೆ ಕಟ್ಟಿಸಿಕೊಂಡರು. ಆ ಷರತ್ತು ಕಾಗದದಲ್ಲಿತ್ತು, ನಾವು ಓದಿರಲಿಲ್ಲ. ಮುಂಗಡ ಕೊಡುವ ಮುಂಚೆ ಕೇಳಿ: ತಡವಾದರೆ ಎಷ್ಟು, ಸ್ವಚ್ಛತೆಗೆ ಎಷ್ಟು, ತೆರಿಗೆ ಸೇರಿದೆಯಾ, ಜನ ಕಡಿಮೆ ಬಂದರೆ ಎಷ್ಟು ಊಟದ ದುಡ್ಡು ಕಟ್ಟಲೇಬೇಕು, ಸಂಖ್ಯೆ ಬದಲಿಸಲು ಕೊನೆಯ ದಿನ ಯಾವುದು. ಉತ್ತರ ಬಾಯಲ್ಲಿ ಬೇಡ, ಬರಹದಲ್ಲಿ ಇರಲಿ.

ಸಾಲದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವರ್ಷಕ್ಕೆ 15% ಬಡ್ಡಿಯ ಸಾಲವನ್ನು ಮೂರು ವರ್ಷ ಕಂತು ಕಟ್ಟಿ ತೀರಿಸಿದರೆ, ತಗೊಂಡ ಪ್ರತಿ 100ಕ್ಕೆ ವಾಪಸ್ ಕೊಡುವುದು ಸುಮಾರು 125. ಅಂದರೆ ನಾಲ್ಕು ಊಟಕ್ಕೆ ಐದು ಊಟದ ದುಡ್ಡು ಕೊಟ್ಟ ಹಾಗೆ. ಹೊಸ ಸಂಸಾರದ ಮೊದಲ 36 ತಿಂಗಳು ಆ ಕಂತು ನಿಮ್ಮ ಜೊತೆಗೇ ಇರುತ್ತದೆ. ಕೂಡಿಟ್ಟ ದುಡ್ಡಲ್ಲೇ ಮಾಡುತ್ತೇವೆ ಅನ್ನುವ ನಿಮ್ಮ ತೀರ್ಮಾನ ತುಂಬಾ ಒಳ್ಳೆಯದು. ಯಾರು ಏನೇ ಅಂದರೂ ಅದನ್ನು ಬಿಡಬೇಡಿ.

ಕರೆಯಲಾಗದವರ ಸಂಕಟ ಒಂದು ಉಳಿಯಿತು. ನೀವು ಮೊದಲ ದಾರಿ ಹಿಡಿದರೆ ಇದು ಬಂದೇ ಬರುತ್ತದೆ. ಅವರಿಗೆ ಬೇರೆಯವರ ಬಾಯಿಂದ ತಿಳಿಯಲು ಬಿಡಬೇಡಿ. ಮದುವೆಗೆ ಮುಂಚೆಯೇ ನೀವೇ ಫೋನ್ ಮಾಡಿ. ‘ಚಿಕ್ಕದಾಗಿ ಮಾಡಿಕೊಳ್ಳುತ್ತಿದ್ದೇವೆ, ಎಲ್ಲರನ್ನೂ ಕರೆಯಲು ಆಗುತ್ತಿಲ್ಲ, ನಿಮಗೆ ನಾವೇ ಹೇಳಬೇಕು ಅನ್ನಿಸಿತು. ಆಮೇಲೆ ಇಬ್ಬರೂ ನಿಮ್ಮ ಮನೆಗೆ ಬರುತ್ತೇವೆ.’ ಇಷ್ಟು ಸಾಕು, ಕಾರಣ ಉದ್ದ ಮಾಡಬೇಡಿ. ನನ್ನ ತಂಗಿ ಹೀಗೆ ಇಪ್ಪತ್ತಮೂರು ಫೋನ್ ಮಾಡಿದಳು. ಮೊದಲ ಮೂರಕ್ಕೆ ಅವಳ ದನಿ ನಡುಗುತ್ತಿತ್ತು. ನಾಲ್ಕನೆಯವರು ‘ಹಾಗಾದರೆ ಯಾವ ದಿನ ಬರ್ತೀರಿ, ಈಗಲೇ ಹೇಳು’ ಅಂದರು. ಅವಳು ನೋಟ್‌ಬುಕ್ಕಿನ ಹಿಂದಿನ ಪುಟ ತಿರುಗಿಸಿ ದಿನ ಬರೆದುಕೊಂಡಳು.