‘ಕೊಲೆಸ್ಟ್ರಾಲ್ ಫ್ರೀ’ ಎಣ್ಣೆಯನ್ನೇ ಬಳಸುತ್ತೇವೆ, ಆದರೂ ಕೊಲೆಸ್ಟ್ರಾಲ್ ಯಾಕೆ ಹೆಚ್ಚಿದೆ?

ಪ್ರಶ್ನೆ: ನನಗೆ 52 ವರ್ಷ. ದಿನಾ ವಾಕಿಂಗ್ ಹೋಗುತ್ತೇನೆ. ಮನೆಗೆ ‘ಕೊಲೆಸ್ಟ್ರಾಲ್ ಫ್ರೀ’ ಎಣ್ಣೆಯನ್ನೇ ತರುತ್ತೇವೆ. ಆದರೂ ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ. ಯಾಕೆ?

ಉತ್ತರ: ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಇದೇ. ಎಷ್ಟು ಸಲ ಬರೆದರೂ ಮತ್ತೆ ಬರುತ್ತದೆ. ಈ ಸಲ ಬುಡದಿಂದಲೇ ಹೇಳುತ್ತೇನೆ.

ಕೊಲೆಸ್ಟ್ರಾಲ್ ಪ್ರಾಣಿಗಳ ದೇಹದಲ್ಲಿ ತಯಾರಾಗುವ ವಸ್ತು. ಕಡಲೆಕಾಯಿ, ಸೂರ್ಯಕಾಂತಿ, ಎಳ್ಳು, ತೆಂಗು, ತಾಳೆ, ಯಾವ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಗಾಣದ ಎಣ್ಣೆಯಲ್ಲೂ ಇಲ್ಲ, ರಿಫೈನ್ಡ್ ಎಣ್ಣೆಯಲ್ಲೂ ಇಲ್ಲ. ಬಾಳೆಹಣ್ಣಿಗೆ ‘ಮೂಳೆ ಇಲ್ಲ’ ಎಂದು ಚೀಟಿ ಅಂಟಿಸಿದರೆ ಎಷ್ಟು ನಿಜವೋ, ಪ್ಯಾಕೆಟ್ ಮೇಲಿನ ಆ ಮಾತೂ ಅಷ್ಟೇ ನಿಜ.

ನಿಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲನ್ನು ನಿಮ್ಮ ದೇಹವೇ ತಯಾರಿಸುತ್ತದೆ, ಮುಖ್ಯವಾಗಿ ಯಕೃತ್ತು. ರಕ್ತದಲ್ಲಿ ಸುತ್ತುವ ‘ಕೆಟ್ಟ’ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ಕೆಲಸವೂ ಅದರದ್ದೇ. ಸ್ಯಾಚುರೇಟೆಡ್ ಕೊಬ್ಬನ್ನು (ಬೆಣ್ಣೆ, ತುಪ್ಪದಲ್ಲಿ ಹೆಚ್ಚಿರುವ, ತಣ್ಣಗಾದರೆ ಗಟ್ಟಿಯಾಗುವ ಬಗೆಯದು) ಹೆಚ್ಚು ತಿಂದಷ್ಟೂ ಆ ಕೆಲಸ ನಿಧಾನವಾಗಿ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಆದ್ದರಿಂದ ಪ್ಯಾಕೆಟ್ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಈ ಕೊಬ್ಬು ಎಷ್ಟಿದೆ ನೋಡಿ. ತೆಂಗಿನೆಣ್ಣೆಯಲ್ಲಿ ಸುಮಾರು ಶೇ 90, ತಾಳೆಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ, ಕಡಲೆಕಾಯಿ ಎಣ್ಣೆಯಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ, ಸೂರ್ಯಕಾಂತಿಯಲ್ಲಿ ಸುಮಾರು ಹತ್ತನೇ ಒಂದು. ಕರಾವಳಿಯವರು ‘ನಮ್ಮಜ್ಜ ತೆಂಗಿನೆಣ್ಣೆ ತಿಂದೇ ಬಾಳಿದರು’ ಎನ್ನುತ್ತಾರೆ. ಅಜ್ಜ ದಿನವಿಡೀ ತೋಟದಲ್ಲಿ ಹತ್ತಿಳಿಯುತ್ತಿದ್ದರು, ಎಣ್ಣೆ ಬೀಳುತ್ತಿದ್ದದ್ದು ಒಗ್ಗರಣೆಗೆ ಒಂದು ಚಮಚ. ಅದನ್ನೂ ಸೇರಿಸಿ ಹೇಳಬೇಕು.

ಇನ್ನು ಪ್ರಮಾಣ. ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿ. ಒಬ್ಬರಿಗೆ ದಿನಕ್ಕೆ 20ರಿಂದ 30 ಗ್ರಾಂ ಸಾಕು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ ಆಯಿತು. ಹೊರಗೆ ತಿಂದ ವಡೆ, ಬಜ್ಜಿ ಇದರಲ್ಲಿ ಸೇರಿಲ್ಲ. ಮೂರು ಲೀಟರಿಗೆ ಇಳಿಸಿ. ಇಷ್ಟಾದರೂ ಕೊಲೆಸ್ಟ್ರಾಲ್ ಇಳಿಯದಿದ್ದರೆ ವೈದ್ಯರನ್ನು ಕಾಣಿ. ವಂಶದಿಂದಲೂ, ಥೈರಾಯ್ಡ್ ಕೊರತೆಯಿಂದಲೂ ಏರುತ್ತದೆ.

ವಾಕಿಂಗ್ ಬಿಡಬೇಡಿ. ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಇರಲಿ.

ವಾಕಿಂಗ್ ಎಂದಾಗ ನೀವು ಕೇಳದ ಇನ್ನೊಂದು ಮಾತು ಹೇಳಲೇಬೇಕು. ಏರು ಹತ್ತುವಾಗ ಎದೆ ಬಿಗಿದು, ನಿಂತರೆ ಸರಿಹೋಗುತ್ತದೆಯೇ? ಅದನ್ನು ‘ಗ್ಯಾಸ್ಟ್ರಿಕ್’ ಎಂದು ನೀವೇ ತೀರ್ಮಾನಿಸಬೇಡಿ, ಆ ವಾರವೇ ತೋರಿಸಿ. ಕೂತಲ್ಲೇ ಎದೆ ಒತ್ತಿ, ಬೆವರಿ, ನೋವು ಎಡಗೈಗೋ ದವಡೆಗೋ ಹರಿದರೆ ಓಮದ ನೀರು, ಸೋಡಾ ಕುಡಿದು ಕಾಯುತ್ತ ಕೂರಬೇಡಿ. ರಕ್ತನಾಳ ಕಟ್ಟಿಕೊಂಡಿದ್ದರೆ ಪ್ರತಿ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಬೈಕ್ ನೀವೇ ಓಡಿಸಿಕೊಂಡು ಹೋಗಬೇಡಿ, 108ಕ್ಕೆ ಕರೆ ಮಾಡಿ.