ಭಯೋತ್ಪಾದನೆ: ಒಂದು ಚೀಲದಿಂದ ಶುರು ಮಾಡೋಣ

2020ರ ಜನವರಿ 20. ಮಂಗಳೂರು ವಿಮಾನ ನಿಲ್ದಾಣದ ಟಿಕೆಟ್ ಕೌಂಟರ್ ಹತ್ತಿರ ವಾರಸುದಾರರಿಲ್ಲದ ಚೀಲವೊಂದು ಸಿಕ್ಕಿತು. ಒಳಗೆ ಬಾಂಬ್. ಅದನ್ನು ಕೆಂಜಾರಿನ ಬಯಲಿಗೆ ಒಯ್ದು ಸ್ಫೋಟಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಮೇಲೆ ಎಷ್ಟೋ ದಿನ, ನಿಲ್ದಾಣ ಇರುವ ಬಜ್ಪೆಯ ಬಸ್ಸಿನಲ್ಲಿ ಸೀಟಿನ ಕೆಳಗೆ ಚೀಲ ಕಂಡರೆ ಸಾಕು, "ಇದು ಯಾರದ್ದು ಮಾರಾಯ್ರೆ?" ಎಂದು ಕೇಳುವಂತಾಯಿತು.

ಭಯ, ಉತ್ಪಾದನೆ. ಹೆದರಿಕೆ ಹುಟ್ಟಿಸುವುದು. ನಮ್ಮ ಪದ ಇಷ್ಟನ್ನೇ ಹೇಳುತ್ತದೆ. ಯಾರು, ಯಾಕೆ ಅನ್ನುವುದು ಅದರಲ್ಲಿಲ್ಲ. ಜಗಳ ಇರುವುದೇ ಅಲ್ಲಿ.

ಆ ಚೀಲ ಇಟ್ಟವನ ಹಿಂದೆ ಸಂಘಟನೆ ಇರಲಿಲ್ಲ. ಕೆಲಸ ಸಿಗದ ಸಿಟ್ಟು ಎಂದು ಸುದ್ದಿಯಾಯಿತು. ರಾಜಕೀಯ ಉದ್ದೇಶ ಇದ್ದರಷ್ಟೇ ಭಯೋತ್ಪಾದನೆ ಅನ್ನುವವರ ಲೆಕ್ಕದಲ್ಲಿ ಇದು ಬರುವುದಿಲ್ಲ. ಕಾನೂನುಬಾಹಿರ ಚಟುವಟಿಕೆ ತಡೆಯುವ ನಮ್ಮ ಯುಎಪಿಎ ಕಾಯ್ದೆಯ 15ನೇ ಸೆಕ್ಷನ್ ಹಾಗೆ ಕೇಳುವುದಿಲ್ಲ. ಬಾಂಬಿನಂಥದ್ದನ್ನು ಬಳಸಿ ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶ ಇದ್ದರೂ ಸಾಕು, ಭೀತಿ ಹುಟ್ಟುವ ಸಾಧ್ಯತೆ ಇದ್ದರೂ ಸಾಕು. ನ್ಯಾಯಾಲಯ ಅವನಿಗೆ 20 ವರ್ಷ ಜೈಲು ವಿಧಿಸಿತು. ನನಗೆ ಅದು ಸರಿ ಅನ್ನಿಸುತ್ತದೆ. ಬಸ್ಸಿನಲ್ಲಿ ಹೆದರಿ ಕೂತವರಿಗೆ ಅವನ ಸಿಟ್ಟಿನ ಕಾರಣ ಏನಾದರೇನು, ಅಲ್ವಾ? ಆದರೆ 'ಸಾಧ್ಯತೆ' ತುಂಬ ಅಗಲದ ಪದ. ಸಲ್ಲದವರನ್ನೂ ಅದರೊಳಗೆ ಎಳೆದು ಹಾಕಬಹುದು ಅನ್ನುವ ಅಂಜಿಕೆಯೂ ನನಗಿದೆ.

ಗಡಿ ದಾಟಿದರೆ ಗಂಟು ಇನ್ನೂ ಬಿಗಿ. 1996ರಲ್ಲಿ ಭಾರತವೇ ವಿಶ್ವಸಂಸ್ಥೆಯ ಮುಂದೆ ಭಯೋತ್ಪಾದನೆ ವಿರುದ್ಧದ ಸಮಗ್ರ ಒಪ್ಪಂದದ ಕರಡು ಇಟ್ಟಿತು. ಅದು ಇನ್ನೂ ಅಂಗೀಕಾರವಾಗಿಲ್ಲ. ಪರಕೀಯರ ಆಳ್ವಿಕೆ ವಿರುದ್ಧ ಹೋರಾಡುವವರನ್ನು ಸೇರಿಸಬೇಡಿ ಎಂದು ಕೆಲವು ದೇಶಗಳು ಪಟ್ಟು ಹಿಡಿದವು. ಸರ್ಕಾರಗಳ ಸೈನ್ಯ ಮಾಡಿದ್ದನ್ನು ಏನೆನ್ನಬೇಕು ಎಂಬುದೂ ಇತ್ಯರ್ಥವಾಗಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ವಿರುದ್ಧ ಹೋರಾಡಿದ ನೆಲ್ಸನ್ ಮಂಡೇಲಾ ನೊಬೆಲ್ ಪಡೆದು, ದೇಶದ ಅಧ್ಯಕ್ಷರೂ ಆಗಿ, 2008ರವರೆಗೆ ಅಮೆರಿಕದ ಭಯೋತ್ಪಾದಕರ ನಿಗಾ ಪಟ್ಟಿಯಲ್ಲಿದ್ದರು!

ಹಾಗಾಗಿ ಜಗತ್ತು ಪದವನ್ನು ಬದಿಗಿಟ್ಟು ಕೃತ್ಯಗಳನ್ನು ಒಂದೊಂದಾಗಿ ಹಿಡಿಯಿತು. 1970ರಲ್ಲಿ ವಿಮಾನ ಅಪಹರಣ, 1979ರಲ್ಲಿ ಒತ್ತೆಯಾಳು, 1997ರಲ್ಲಿ ಬಾಂಬ್, 1999ರಲ್ಲಿ ಹಣ ಒದಗಿಸುವುದು, ಒಂದೊಂದಕ್ಕೂ ಬೇರೆ ಬೇರೆ ಒಪ್ಪಂದ. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಭದ್ರತಾ ಮಂಡಳಿ 1373ನೇ ನಿರ್ಣಯದಲ್ಲಿ ಭಯೋತ್ಪಾದನೆಯನ್ನು ಶಿಕ್ಷಿಸಲೇಬೇಕು ಎಂದು ಎಲ್ಲ ದೇಶಗಳಿಗೂ ಹೇಳಿತು. ಅದು ಏನೆಂದು ಮಾತ್ರ ಹೇಳಲಿಲ್ಲ. ಪ್ರತಿ ದೇಶವೂ ತನ್ನದೇ ಅರ್ಥ ಬರೆದುಕೊಂಡಿತು. ಈಗ ಒಂದು ದೇಶ ಹುಡುಕುವ ಆರೋಪಿ ಇನ್ನೊಂದರಲ್ಲಿ ರಾಜಕೀಯ ಆಶ್ರಯ ಪಡೆದು ಕೂತರೆ, ಅವನನ್ನು ವಾಪಸ್ ಕರೆತರುವ ಕಡತ ಈ ಪದದ ಅರ್ಥದ ಹತ್ತಿರವೇ ಸಿಕ್ಕಿಕೊಳ್ಳುತ್ತದೆ.