ಪದ ಪರಿಚಯ: ಏರ್‌ಬಾಕ್ಸ್

"ಏರ್‌ಬಾಕ್ಸ್ ಚೇಂಜ್ ಮಾಡಿಸಿದೆ, ಬೈಕ್ ಈಗ ಸ್ಮೂತ್" ಅಂತ ಒಬ್ಬರು ಹೇಳುತ್ತಾರೆ. ಕೇಳಿದರೆ, ಬದಲಾಗಿದ್ದು ಇಂಜಿನ್ನಿಗೆ ಹೋಗುವ ಗಾಳಿ ಮೊದಲು ಬಂದು ನಿಲ್ಲುವ ಆ ಪೆಟ್ಟಿಗೆಯಲ್ಲ, ಅದರೊಳಗಿನ ಪೇಪರ್ ಫಿಲ್ಟರ್ ಮಾತ್ರ. ಹೋಗಲಿ ಬಿಡಿ ಅಂದುಕೊಂಡರೆ, ಮೊನ್ನೆ ಇನ್ನೊಬ್ಬರು "ಕೋನ್ ಏರ್‌ಬಾಕ್ಸ್ ಹಾಕಿಸಿದೆ" ಅಂದರು. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್‌ನ ಬಾಯಿಗೆ ನೇರವಾಗಿ ಕೋನ್ ಫಿಲ್ಟರ್ ಸಿಕ್ಕಿಸಿದ ಮೇಲೆ ಆ ಬೈಕಿನಲ್ಲಿ ಏರ್‌ಬಾಕ್ಸೇ ಉಳಿದಿರುವುದಿಲ್ಲ. ಇಲ್ಲದ ವಸ್ತುವಿನ ಹೆಸರನ್ನು ಅದನ್ನು ಕಿತ್ತುಹಾಕಿದ ವಸ್ತುವಿಗೆ ಇಟ್ಟ ಹಾಗಾಯಿತು. ಇನ್ನು ಸುಮ್ನಿರೋದು ಸರಿಯಲ್ಲ ಅನ್ನಿಸಿತು.

ತಪ್ಪಿಗೆ ಅರ್ಧ ಕಾರಣ 'ಬಾಕ್ಸ್' ಅನ್ನುವ ಪದವೇ. ಬಾಕ್ಸ್ ಅಂದ ಕೂಡಲೇ ನಮಗೆ ಏನನ್ನೋ ಇಡುವ ಡಬ್ಬಿ ನೆನಪಾಗುತ್ತದೆ. ಇದರೊಳಗೆ ಕಣ್ಣಿಗೆ ಕಾಣುವುದು ಫಿಲ್ಟರ್ ಒಂದೇ. ಹಾಗಾಗಿ ಇದು ಫಿಲ್ಟರ್ ಇಡುವ ಡಬ್ಬಿ ಅಂತ ತೀರ್ಮಾನ ಮಾಡಿಬಿಡುತ್ತೇವೆ. ಆದರೆ ಹೆಸರಲ್ಲೇ ಇದೆ ನೋಡಿ, ಅದು ಇಟ್ಟುಕೊಳ್ಳುವುದು ಗಾಳಿಯನ್ನು. ಕನ್ನಡದಲ್ಲಿ ಹೇಳುವುದಾದರೆ ಡಬ್ಬಿ ಅನ್ನುವ ಬದಲು ಗಾಳಿತೊಟ್ಟಿ ಅನ್ನಬೇಕು. ಹೊರಗಿನಿಂದ ಬಂದ ನೀರು ತೊಟ್ಟಿಯಲ್ಲಿ ನಿಂತು, ತಿಳಿಯಾಗಿ, ಆಮೇಲೆ ನಲ್ಲಿಗೆ ಹೋಗುತ್ತದೆ ಅಲ್ವಾ? ಇಲ್ಲೂ ಹಾಗೇ. ಫಿಲ್ಟರ್ ಅನ್ನುವುದು ಆ ತೊಟ್ಟಿಯ ಜರಡಿ ಮಾತ್ರ.

ತೊಟ್ಟಿ ಯಾಕೆ ಬೇಕು? ಇಂಜಿನ್ ಗಾಳಿಯನ್ನು ಒಂದೇ ಸಮನೆ ಎಳೆಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. 6000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 6000 ಸುತ್ತು ಓಡುವ ನಾಲ್ಕು ಸ್ಟ್ರೋಕಿನ ಒಂದು ಸಿಲಿಂಡರ್, ಎರಡು ಸುತ್ತಿಗೊಂದರಂತೆ ಸೆಕೆಂಡಿಗೆ 50 ಗುಟುಕು ಎಳೆಯುತ್ತದೆ. ಪ್ರತಿ ಗುಟುಕಿನ ನಂತರ ವಾಲ್ವ್ ಮುಚ್ಚುತ್ತದೆ, ಬರುತ್ತಿದ್ದ ಗಾಳಿ ಗೋಡೆಗೆ ಬಡಿದಂತೆ ಹಿಂದಕ್ಕೆ ಪುಟಿಯುತ್ತದೆ. ಈ ಹೊಯ್ದಾಟವನ್ನು ತಣ್ಣಗಾಗಿಸಿ, ಕಾರ್ಬ್ಯುರೇಟರ್ ಬಾಯಲ್ಲಿ ಸದಾ ನಿಶ್ಚಲವಾದ ಗಾಳಿ ಇರುವ ಹಾಗೆ ನೋಡಿಕೊಳ್ಳುವುದು ಏರ್‌ಬಾಕ್ಸಿನ ಕೆಲಸ. ಬೈಕ್ ಜೋರಾಗಿ ಓಡುವಾಗ ಬೀಸುವ ಅಡ್ಡಗಾಳಿಯೂ ಅಲ್ಲಿಗೆ ನೇರವಾಗಿ ನುಗ್ಗುವುದಿಲ್ಲ.

ಇನ್ನು ಅದರ ಮೂಗು, ಸ್ನಾರ್ಕೆಲ್. ಗಾಳಿ ಒಳಗೆ ಬರುವ ಆ ಪುಟ್ಟ ರಬ್ಬರ್ ಕೊಳವೆ. ಈ ಪದ ನನಗೆ ಬಹಳ ಇಷ್ಟ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸಬ್‌ಮರೀನ್‌ಗಳು ನೀರಿನೊಳಗೇ ಇದ್ದು ಡೀಸೆಲ್ ಇಂಜಿನ್ ಓಡಿಸಲು ಮೇಲಕ್ಕೆ ಚಾಚುತ್ತಿದ್ದ ಗಾಳಿಕೊಳವೆಗೆ ಶ್ನೋರ್ಖೆಲ್ ಅಂತ ಹೆಸರು. ನಾವಿಕರ ಆಡುಮಾತಿನಲ್ಲಿ ಹಾಗಂದರೆ ಮೂಗು. ಗೊರಕೆ ಹೊಡೆಯುವುದಕ್ಕೆ ಜರ್ಮನ್ನರು ಹೇಳುವ ಪದಕ್ಕೂ ಇದಕ್ಕೂ ನೆಂಟಸ್ತನವಿದೆ. ಆ ಕೊಳವೆಯನ್ನು ಕಿತ್ತು ಥ್ರಾಟಲ್ ತಿರುಗಿಸಿ ನೋಡಿ, ಇಂಜಿನ್ ಗೊರಕೆ ಹೊಡೆಯುವುದು ಸ್ಪಷ್ಟವಾಗಿ ಕೇಳುತ್ತದೆ.

ಆ ಸದ್ದು ಕೇಳಿಯೇ "ಪವರ್ ಜಾಸ್ತಿ ಆಯ್ತು" ಅನ್ನುವವರು ತುಂಬಾ ಜನ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಗುಂಯ್ ಅನ್ನುತ್ತದಲ್ಲ, ಏರ್‌ಬಾಕ್ಸ್ ಕೂಡ ಅಂಥದ್ದೇ ಬಾಟಲಿ, ಸ್ನಾರ್ಕೆಲ್ ಅದರ ಕುತ್ತಿಗೆ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೆಸರಿನಲ್ಲಿ ಈ ಅನುರಣನವನ್ನು ಗುರುತಿಸುತ್ತಾರೆ. ಕುತ್ತಿಗೆ ಉದ್ದ, ಸಣ್ಣ ಇದ್ದರೆ ಸ್ವರ ಕೆಳಗೆ. ಗಿಡ್ಡ, ಅಗಲ ಇದ್ದರೆ ಸ್ವರ ಮೇಲೆ. ಬೈಕ್ ತಯಾರಿಸಿದವರು ಲೆಕ್ಕ ಹಾಕಿ ಕೂರಿಸಿದ ಆ ಕೊಳವೆಯನ್ನು ಕಿತ್ತರೆ, ಗಾಳಿಯ ಅಲೆ ಇಂಜಿನ್ನಿಗೆ ನೆರವಾಗುತ್ತಿದ್ದ ಜಾಗ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ. ದಿನಾ ಓಡಿಸುವ ಕೆಳಗಿನ, ನಡುವಿನ ಆರ್‌ಪಿಎಂನಲ್ಲಿ ಪಿಕಪ್ ಸೊರಗುತ್ತದೆ. ಸದ್ದು ಹೆಚ್ಚಾಗಿ ಎಳೆತ ಕಡಿಮೆಯಾದರೆ ಅದನ್ನು ಮಾಡಿಫಿಕೇಶನ್ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಏರ್‌ಬಾಕ್ಸಿನ ಮುಚ್ಚಳಕ್ಕೆ ತೂತು ಕೊರೆಯುವುದೂ ಇದೇ ಜಾತಿ. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬ್ಯುರೇಟರ್ ಪೆಟ್ರೋಲ್ ಎಳೆದುಕೊಳ್ಳುವುದು ತನ್ನೊಳಗಿನ ಒತ್ತಡ ತಗ್ಗಿದಾಗ. ಏರ್‌ಬಾಕ್ಸಿನ ತಡೆಯನ್ನೂ ಸೇರಿಸಿಯೇ ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಸೈಜ್ ನಿರ್ಧಾರವಾಗಿರುತ್ತದೆ. ತಡೆ ತೆಗೆದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ, ನಡುವೆ ಜಗ್ಗಾಟ, ಪ್ಲಗ್ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗೆ. ವ್ಯಾಕ್ಯೂಮ್‌ನಿಂದ ಸ್ಲೈಡ್ (ಒಳಗಿನ ಗಾಳಿದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಭಾಗ) ಮೇಲೇಳುವ ಸಿವಿ ಕಾರ್ಬ್ಯುರೇಟರ್‌ಗಳು ಇದನ್ನು ಇನ್ನೂ ಕಡಿಮೆ ಸಹಿಸುತ್ತವೆ. ಕೆಲವು ಕೋನ್ ಫಿಲ್ಟರ್‌ಗಳ ರಬ್ಬರ್ ಅಂಚು ಕಾರ್ಬ್ಯುರೇಟರ್ ಬಾಯಲ್ಲಿರುವ ಗಾಳಿತೂತುಗಳನ್ನೇ ಮುಚ್ಚಿಬಿಡುತ್ತದೆ. ಆಗ ಯಾವ ಜೆಟ್ ಹಾಕಿದರೂ ಬೈಕ್ ಸರಿಹೋಗುವುದಿಲ್ಲ.

ಹಳೇ ಬೈಕಿನಲ್ಲಿ ನಿಜವಾಗಿ ನೋಡಬೇಕಾದ್ದು ಬೇರೆ. ನನ್ನದೇ ಒಂದು ಹಳೇ ಬೈಕ್ ಐಡ್ಲಿಂಗ್‌ನಲ್ಲಿ ತಾನಾಗಿಯೇ ಏರಿಳಿಯುತ್ತಿತ್ತು. ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು. ಕೊನೆಗೆ ಅದನ್ನು ಒಂದು ಕಡೆ ಇಂಜಿನ್ನಿಗೆ, ಇನ್ನೊಂದು ಕಡೆ ಏರ್‌ಬಾಕ್ಸಿಗೆ ಜೋಡಿಸುವ ರಬ್ಬರ್ ಬೂಟ್‌ಗಳನ್ನು ಕಳಚಿ ಮಗುಚಿದೆ. ಇಂಜಿನ್ ಕಡೆಯದರ ತಳದಲ್ಲಿ ಉಗುರಿನಷ್ಟು ಉದ್ದದ ಸೀಳು. ಮೇಲಿಂದ ನೋಡಿದರೆ ಹೊಸದರ ಹಾಗೇ ಇತ್ತು, ಬೆರಳಲ್ಲಿ ಒತ್ತಿದರೆ ಮಾತ್ರ ಬಾಯಿ ತೆರೆಯುತ್ತಿತ್ತು. ಏರ್‌ಬಾಕ್ಸ್ ಕಡೆಯದು ಸೀಳಿರಲಿಲ್ಲ, ಕಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಹೀಗೆ ಗಟ್ಟಿಯಾದ ಬೂಟ್ ಸರಿಯಾಗಿ ಕೂರುವುದಿಲ್ಲ, ಫಿಲ್ಟರ್ ದಾಟದ ಧೂಳುಗಾಳಿ ಅಲ್ಲಿಂದ ಒಳಗೆ ಹೋಗುತ್ತದೆ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗಿ ಕೂರಿಸಲು ಸುಲಭ. ಸೀಳಿದ್ದರೆ ಹೊಸದೇ ಹಾಕಬೇಕು, ಟೇಪು ಸುತ್ತಿ ಪ್ರಯೋಜನವಿಲ್ಲ.

ಮುಚ್ಚಳದ ಅಂಚಿನ ಫೋಮ್ ಪುಡಿಯಾಗಿದೆಯಾ ನೋಡಿ. ಫೋಮ್ ಫಿಲ್ಟರ್ ಆದರೆ ತೊಳೆದು, ಒಣಗಿಸಿ, ಎಣ್ಣೆ ಹಾಕಿ ಹಿಂಡಿ, ತಿರುಚಬೇಡಿ. ಪೇಪರ್ ಫಿಲ್ಟರ್‌ಗೆ ಎಣ್ಣೆ ಬೇಡವೇ ಬೇಡ.

ಏರ್‌ಬಾಕ್ಸಿನ ಕೆಳಗೆ ಬಿರಡೆ ಹಾಕಿದ ಒಂದು ಪುಟ್ಟ ಡ್ರೈನ್ ಟ್ಯೂಬ್ ಇರುತ್ತದೆ. ಅದರಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣದ ಅಂಟು ಕಂಡು "ಇಂಜಿನ್ ಹೋಯ್ತು" ಅಂತ ಗಾಬರಿಯಾಗುವವರಿದ್ದಾರೆ. ಬಹಳಷ್ಟು ಬೈಕುಗಳಲ್ಲಿ ಕ್ರ್ಯಾಂಕ್‌ಕೇಸಿನ (ಇಂಜಿನ್ನಿನ ಕೆಳಭಾಗದ) ಹಬೆಯನ್ನು ಹೊರಬಿಡುವ ಬ್ರೀದರ್ ಪೈಪು ಏರ್‌ಬಾಕ್ಸಿಗೇ ಬಂದು ಸೇರುತ್ತದೆ. ಅಲ್ಲಿಂದ ಬರುವ ಎಣ್ಣೆಯ ಹಬೆ, ತೇವ ಎರಡೂ ಸೇರಿ ಆಗುವ ಕೆಸರು ಅದು. ಸ್ವಲ್ಪ ಇದ್ದರೆ ಸಹಜ. ಖಾಲಿ ಮಾಡಿ ಬಿರಡೆಯನ್ನು ಮತ್ತೆ ಹಾಕಿ. ದಿನಕ್ಕೊಂದು ಸಲ ತುಂಬುತ್ತಿದ್ದರೆ ಮೊದಲು ಆಯಿಲ್ ಲೆವೆಲ್ ಜಾಸ್ತಿಯಾಗಿದೆಯಾ ನೋಡಿ, ಆಮೇಲೆ ಪಿಸ್ಟನ್ ರಿಂಗ್ ಕಡೆ ಗಮನ ಕೊಡಿ.